ಏಳನೇ ಸ್ಲ್ಯಾಬು

ಸೊಲ್ಲಾಪುರ ದಾಟಿದ ಮೇಲೆ ಅಪ್ಪ
ಯಾರಿಗೂ ಹೆಸರು ಕೇಳಲಿಲ್ಲ.
ಯಾವೂರು ಕೇಳಿದ, ಎಷ್ಟು ಮಂದಿ ಕೇಳಿದ,
ರೊಟ್ಟಿ ಒಂದು ಹೊತ್ತೋ ಎರಡು ಹೊತ್ತೋ ಕೇಳಿ
ಜೋಳ ತೂಗಿದ.

ಆಗ ಬಸ್ಸು ವಾಕಡದಲ್ಲೇ ತಿರುಗುತ್ತಿತ್ತು.
ಅದರಾಚೆ ಕಬ್ಬು, ಕಬ್ಬಿನಾಚೆ ಗುಡ್ಡ,
ಗುಡ್ಡದಾಚೆ ಏನೂ ಇಲ್ಲ ಎಂದಿದ್ದರು ಜನ.
ಏನೂ ಇಲ್ಲದಲ್ಲೇ ಅಂಗಡಿ ಹಾಕಬೇಕು, ಅಂದ ಅಪ್ಪ,
ಇದ್ದಲ್ಲಿ ಆಗಲೇ ಮೂರು ಅಂಗಡಿ ಇರತಾವ.

ನಾಲ್ಕು ಪತ್ರಾಸು, ಒಂದು ತಕ್ಕಡಿ,
ಇಂಡಿಯ ಅಡತಿಯಿಂದ ಉದ್ರಿ ತಂದ
ಹನ್ನೆರಡು ಚೀಲ ಮಾಲದಂಡಿ.
ಬೋರ್ಡು ಬರೆದವನು ಅಲ್ಲಿಯ ಹುಡುಗ,
ಬಣಗಾರ ಹೋಗಿ ಬನಗರ ಆಗಿತ್ತು.
ನಾನು ಅತ್ತೆ.
ಇರಲಿ ಬಿಡವ್ವ, ಅಂದ,
ಕೊನೀಗೆ ನಗರ ಅಂತ ಬಂದೈತಲ್ಲ.

ಉದ್ರಿ ಪುಸ್ತಕ ನನ್ನ ಕೈಯಲ್ಲಿ.
ಹಗಲು ಮರಾಠಿ ಸಾಲಿ,
ಸಂಜೆ ಈ ಪುಸ್ತಕವೊಂದೇ ನನ್ನ ಕನ್ನಡ ಸಾಲಿ.
ಕೆಂಪು ರುಮಾಲು, ಜೇವರ್ಗಿ: ಐದು ಕಿಲೋ, ಬೀಡಿ.
ಮೂರು ಹುಡುಗೇರ ಅವ್ವ, ಸುರಪುರ:
ಎರಡು ಕಿಲೋ, ಉಪ್ಪು, ಗುರೆಳ್ಳು ಅರಪಾವು.
ವಿಳಾಸಕ್ಕೊಂದು ಬೇರೆ ಕಲಮು.
ಬಿ ವಿಂಗು, ಏಳನೇ ಸ್ಲ್ಯಾಬು, ನೀರಿನ ಡ್ರಮ್ಮಿನ ಪಕ್ಕ.
ಗೋಡೆ ಇಲ್ಲದ ಮನೆಗೆ
ಇನ್ನು ಹೇಗೆ ಬರೆಯುವುದು?

ಕಿಟಕಿಗೆ ಗಾಜು ಬಂದರೆ ಅಪ್ಪನಿಗೆ ನಿದ್ದೆ ಇಲ್ಲ.
ಗಾಜು ಬಂದ ಮನಿಯಿಂದ ಗಿರಾಕಿ ಹೋಗತಾರ.
ಬಣ್ಣ ಬಂದಾಗ ನಾವೂ ಪತ್ರಾಸು ಬಿಚ್ಚಿದೆವು.
ವಾಕಡದಿಂದ ತಾಥವಡೆ, ಅಲ್ಲಿಂದ ಮಾರುಂಜಿ,
ಮಾರುಂಜಿಯಿಂದ ನೇರೆ.
ಪ್ರತಿ ಸಲ ಟೆಂಪೋದ ಮೇಲೆ ಅಂಗಾತ ಮಲಗಿ
ಅದೇ ಬೋರ್ಡು ಆಕಾಶ ನೋಡುತ್ತ ಹೋಗುತ್ತಿತ್ತು.

ಕೆಂಪು ರುಮಾಲು ತೀರಿಸಿಯೇ ಹೋದ.
ಮೂರು ಹುಡುಗೇರ ಅವ್ವನ ಹೆಸರಲ್ಲಿ
ನಲವತ್ತೊಂದು ರೂಪಾಯಿ ಉಳಿಯಿತು.
ರಾತ್ರಿ ಟ್ರಕ್ಕು ಬಂದು ಅವರನ್ನೆಲ್ಲ ಒಯ್ದಿತ್ತು,
ಚಾಕಣಕ್ಕೋ, ಹೈದರಾಬಾದಿಗೋ.
ಅಪ್ಪ ಎರಡು ದಿನ ಬೈದ.
ದೇವರಂಥವನೇನಲ್ಲ ಅವನು,
ತಕ್ಕಡಿ ನಿಲ್ಲುವ ಮೊದಲೇ ಎತ್ತಿಬಿಡುವುದನ್ನು
ನಾನೇ ನೋಡಿದ್ದೇನೆ.

ಹೋದ ವರ್ಷ ವಾಕಡದಿಂದೊಂದು ಫೋನು.
ಜೋಳದ ಹಿಟ್ಟು ಹತ್ತು ಕಿಲೋ ಬೇಕು,
ಡಾಕ್ಟರು ಗೋಧಿ ಬಿಡಿ ಅಂದಿದ್ದಾರೆ,
ಅಚ್ಚ ಮಾಲದಂಡಿ ನಿಮ್ಮಲ್ಲೇ ಅಂತೆ.
ಬರೆದುಕೊಂಡೆ: ಬಿ ವಿಂಗು, ಏಳುನೂರ ಮೂರು.
ಸೊಸೈಟಿಯ ಹೆಸರು ಕೇಳಿ
ಅಪ್ಪ ಕನ್ನಡಕ ಹುಡುಕಿದ.
ಚೀಟಿ ಎರಡು ಸಲ ಓದಿದ.
ಹುಡುಗನನ್ನು ಕಳಿಸಲಿಲ್ಲ.

ವಾಚಮನ್ ಹಿಂದಿನ ಲಿಫ್ಟು ತೋರಿಸಿದನಂತೆ.
ಆಕೆ ಬಾಗಿಲಲ್ಲಿ ಹಿಟ್ಟಿನ ಬಣ್ಣ ನೋಡುವಾಗ
ಅಪ್ಪ ಒಳಗೆ ನೋಡಿದ.
ಡ್ರಮ್ಮು ಇದ್ದ ಮೂಲೆಯಲ್ಲಿ ಗಾಜಿನ ತೊಟ್ಟಿ, ಮೀನು.
ಸರಳಿಗೆ ಸೀರೆ ಬಿಗಿದು ಕೂಸು ತೂಗುತ್ತಿದ್ದಲ್ಲಿ
ದೊಡ್ಡ ಟೀವಿ, ಯಾರೋ ಓಡುತ್ತಿದ್ದರು ಅದರಲ್ಲಿ.
ಎಷ್ಟಾಯಿತು, ಅಂದಳು ಆಕೆ.

ಹತ್ತು ಕಿಲೋಗೆ ನಮ್ಮ ರೇಟು ಆರುನೂರ ಐವತ್ತು.
ಆರುನೂರ ತೊಂಬತ್ತೊಂದು, ಅಂದ ಅಪ್ಪ.
ಕೊಸರಾಡದೆ ಕೊಟ್ಟಳಂತೆ.

ಅವತ್ತು ರಾತ್ರಿ ಅಟ್ಟದಿಂದ ಹಳೇ ಪುಸ್ತಕ ಇಳಿಸಿಸಿದ.
ಇಲಿ ತಿಂದ ಅಂಚು, ನನ್ನ ಎಂಟನೇ ಇಯತ್ತೆಯ ಅಕ್ಷರ.
ನಲವತ್ತೊಂದು ಜಮಾ ಬರಿ, ಅಂದ.
ಇದು ಮೋಸ ಅಲ್ಲೇನಪ್ಪಾ, ಅಂದೆ.
ಹೌದೋ ಅಲ್ಲೋ ಏನೂ ಅನ್ನಲಿಲ್ಲ,
ಕಾಲುಂಗುರದ ಸುಣ್ಣದ ಬಿರುಕು ಸವರುತ್ತ ಕೂತ.
ಮೂವರದೂ ಲಗ್ನ ಆಗಿರಬೇಕು ಈಗ, ಅಂದ ಆಮೇಲೆ.

ಬರೆದೆ.
ಹೊರಗೆ ಕೊನೇ ಬಸ್ಸು ನಮ್ಮ ಅಂಗಡಿ ಮುಂದೆ
ತಿರುಗಲಿಲ್ಲ. ದೀಪ ಹಾಕಿಕೊಂಡು
ನೆಟ್ಟಗೆ ಮುಂದೆ ಹೋಯಿತು.
ಅಪ್ಪ ಎದ್ದು ನಿಂತು ನೋಡಿದ.